ಸುಮತಿಯಕ್ಕನಿಗೊಂದು ಕುದುರೆ

ಮುಂಬಯಿಗೆ ಬಂದ ಮೇಲೆಯೇ ಮನುಷ್ಯನಿಗೆ ಅವನ ಊರು ಸರಿಯಾಗಿ ಅಂಟಿಕೊಳ್ಳುವುದು. ಮೈಸೂರಿನಲ್ಲಿದ್ದಷ್ಟು ದಿನ ನಾನು ಬರೀ ಮೂರ್ತಿ. ನಮ್ಮ ಬೀದಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಬಾಗಿಲಿಗೊಬ್ಬ ಮೂರ್ತಿ ತಲೆ ಹೊರಗೆ ಹಾಕುತ್ತಿದ್ದ. ಮುಲುಂಡಿನ ಹೌಸಿಂಗ್ ಸೊಸೈಟಿಗೆ ಟ್ರಂಕು, ಹೋಲ್ಡಾಲು ಹೊತ್ತು ಬಂದಿಳಿದದ್ದೇ ತಡ, ನಾನು ‘ಮೈಸೂರ್‌ವಾಲಾ’ ಆಗಿಬಿಟ್ಟೆ. ಎದುರು ಫ್ಲ್ಯಾಟಿನವರು ರೇಷ್ಮೆ ಸೀರೆ ತಂದು ಅಸಲಿಯೋ ನಕಲಿಯೋ ನೋಡಿ ಹೇಳಿ ಎಂದರು. ಆಫೀಸಿನ ಗೆಳೆಯನೊಬ್ಬ ಗಂಧದ ಕೊರಡನ್ನು ನನ್ನ ಮೂಗಿಗೆ ಹಿಡಿದ. ಗುಮಾಸ್ತರ ಮನೆಯಲ್ಲಿ ಹುಟ್ಟಿದ ನಾನು ರೇಷ್ಮೆಯನ್ನು ನೋಡಿದ್ದು ಬೇರೆಯವರ ಮೈಮೇಲೆ, ಗಂಧವನ್ನು ಮೂಸಿದ್ದು ಸೋಪಿನಲ್ಲಿ. ಹಾಗೆಂದು ಗೊತ್ತಿಲ್ಲ ಎಂದು ಒಪ್ಪಿಕೊಂಡು ಇಡೀ ಸಂಸ್ಥಾನದ ಮಾನ ಕಳೆಯುವುದುಂಟೆ? ಸೀರೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ, ಕಣ್ಣನ್ನು ಅರ್ಧ ಮುಚ್ಚಿ, ಕನ್ನಡಿಗರಿಗೆ ‘ಪರವಾಗಿಲ್ಲ’ ಎಂದೂ ಉಳಿದವರಿಗೆ ‘ಠೀಕ್ ಹೈ’ ಎಂದೂ ಹೇಳುತ್ತಿದ್ದೆ. ಪರವಾಗಿಲ್ಲ ಎಂಬುದು ಬಹಳ ಉಪಕಾರಿಯಾದ ಮಾತು. ಸೀರೆ ಅಸಲಿಯಾದರೆ ಹೇಳಿದವನು ಗಂಭೀರ ಸ್ವಭಾವದವನು, ನಕಲಿಯಾದರೆ ಸಂಭಾವಿತ.

ಹೀಗೆ ಪರವಾಗಿಲ್ಲ ಎನ್ನುತ್ತ ಎನ್ನುತ್ತ ನಾನು ಒಂದು ದಿನ ಕುದುರೆಯ ಬೆನ್ನಿನ ಮೇಲೆ ಕೂತಿದ್ದೆ. ಅದು ಹೇಗೆಂದು ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ.

ನನ್ನ ಆಫೀಸು ಅಂಧೇರಿಯಲ್ಲಿ. ಮಧ್ಯಾಹ್ನದ ಊಟ ಸ್ಟೇಷನ್ನಿನ ಪಕ್ಕ, ಸದಾಶಿವ ಶೆಟ್ಟರ ಹೋಟೆಲಿನಲ್ಲಿ. ಶೆಟ್ಟರು ಉಡುಪಿ ಕಡೆಯವರು. ಬೆಳಗ್ಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ರಾತ್ರಿ ಶಟರ್ ಎಳೆಯುವವರೆಗೆ ಕದಲುವವರಲ್ಲ, ನಗುವವರೂ ಅಲ್ಲ. ಆ ಮುಖ ಕಂಡರೆ ಗಿರಾಕಿಗಳು ತೊಳೆದ ಕೈಯನ್ನು ಇನ್ನೊಮ್ಮೆ ತೊಳೆಯುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ ಎದ್ದು ಬಂದು ನನ್ನ ಎದುರು ಕೂತು, ನಾನು ಕೇಳದೇ ಇದ್ದ ವಡೆಯೊಂದನ್ನು ತಮ್ಮ ಕೈಯಿಂದಲೇ ನನ್ನ ತಟ್ಟೆಗೆ ಹಾಕಿದರು. ನನಗೆ ಭಯವಾಯಿತು.

“ರಾಯರೆ, ನಿಮ್ಮ ಊರಲ್ಲಿ ಅರಮನೆ ಉಂಟಲ್ಲ? ಅರಮನೆ ಅಂದ ಮೇಲೆ ಕುದುರೆ ಲಾಯ ಉಂಟಲ್ಲ?”

ಉಂಟು ಎಂದೆ.

“ಹಾಗಾದ್ರೆ ನಿಮಗೆ ಕುದುರೆ ಗೊತ್ತುಂಟು. ನಮಗೆ ಒಂದು ಕುದುರೆ ಬೇಕು ಮಾರಾಯ್ರೆ. ನೀವೇ ಮುಂದೆ ನಿಂತು ನೋಡಿ ಕೊಡ್ಬೇಕು.”

ಒಬ್ಬರು ಕೊಟ್ಟ ವಡೆ ಬಾಯಲ್ಲಿರುವಾಗ ಅವರಿಗೇ ಇಲ್ಲ ಎನ್ನುವುದು ಬಹಳ ಕಷ್ಟ. ತಲೆಯಾಡಿಸಿದೆ.

ಕುದುರೆಯ ವಿಷಯದಲ್ಲಿ ನನ್ನ ವಿದ್ವತ್ತು ಎಷ್ಟೆಂದು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಚಿಕ್ಕಂದಿನಲ್ಲಿ ರೈಲ್ವೆ ಸ್ಟೇಷನ್ನಿಂದ ಮನೆಗೆ ಜಟಕಾಗಾಡಿಯಲ್ಲಿ ಬರುತ್ತಿದ್ದೆವು. ಜಟಕಾದಲ್ಲಿ ಕೂತವನಿಗೆ ಕುದುರೆ ಎಂದರೆ ಒಂದು ಬಾಲ ಮತ್ತು ಅದರ ಸುತ್ತಮುತ್ತಲಿನ ಪ್ರದೇಶ. ಆ ಪ್ರದೇಶದಿಂದ ಆಗಾಗ ಏನೇನು ಹೊರಬರುತ್ತದೆ ಎಂಬುದರಲ್ಲಿ ನಾನು ನಿಜಕ್ಕೂ ತಜ್ಞ. ಮುಂದಿನ ಭಾಗವನ್ನು ನೋಡಿದ್ದು ದಸರಾ ಮೆರವಣಿಗೆಯಲ್ಲಿ, ಅಪ್ಪನ ಹೆಗಲ ಮೇಲಿಂದ, ಬಹಳ ದೂರದಿಂದ. ಈ ಎರಡು ತುದಿಗಳ ನಡುವಿನ ಕುದುರೆ ನನಗೆ ಅಪರಿಚಿತ.

ಕುದುರೆ ಬೇಕಾಗಿದ್ದದ್ದು ಶೆಟ್ಟರಿಗಲ್ಲ, ಅವರ ಹೆಂಡತಿ ಸುಮತಿಯಕ್ಕನಿಗೆ. ಐವತ್ತು ದಾಟಿದ ಹೆಂಗಸು. ಹೋಟೆಲಿನ ಹೆಸರು ಶೆಟ್ಟರದಾದರೆ ಸಾಂಬಾರು ಅವರದು. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಅವರು ಲೋಕವನ್ನು ನೋಡಿದ್ದು ಅಡುಗೆಮನೆಯಿಂದ ತಟ್ಟೆ ದಾಟಿಸುವ ಚೌಕದ ಕಿಂಡಿಯ ಮೂಲಕ. ಆ ವರ್ಷ ಅವರ ಮೊಣಕಾಲು ನೋವು ಜೋರಾಯಿತು. ಡಾಕ್ಟರು ಮೆಟ್ಟಿಲು ಬೇಡ, ನೆಲದ ಮೇಲೆ ಕೂರುವುದು ಬೇಡ, ಬರಬರುತ್ತ ಇದು ಹೆಚ್ಚಾಗುತ್ತದೆ, ಈಗಲೇ ಆಸೆಗಳನ್ನು ಪೂರೈಸಿಕೊಳ್ಳಿ ಎಂದು ತಮಾಷೆಗೆ ಅಂದರಂತೆ. ಮನೆಯವರೆಲ್ಲ ಅಕ್ಕ ಕಾಶಿಗೆ ಹೋಗುತ್ತೇನೆ ಎನ್ನಬಹುದು, ಅಥವಾ ಕುರ್ಚಿಯಂಥ ಕಮೋಡು ಹಾಕಿಸಿ ಎನ್ನಬಹುದು ಎಂದುಕೊಂಡಿದ್ದರು. ಅಕ್ಕ ಕುದುರೆ ಎಂದರು.

ನಾನೂ ನನ್ನ ಹೆಂಡತಿ ನಾಗರತ್ನಳೂ ಅವರ ಮನೆಗೆ ಹೋದಾಗ ಅವರೇ ಹೇಳಿದರು. ಅವರ ತಂದೆಯ ಮನೆಯಲ್ಲಿ ಕಂಬಳದ ಕೋಣಗಳಿದ್ದವಂತೆ, ಕೆಸರುಗದ್ದೆಯಲ್ಲಿ ಓಟಕ್ಕೆ ಬಿಡುವ ಕೋಣಗಳು.

“ಎಣ್ಣೆ ತಿಕ್ಕಿದ್ದು ನಾನು. ಹುರುಳಿ ಬೇಯಿಸಿ ಹಾಕಿದ್ದು ನಾನು. ಓಡಿಸುವ ದಿನ ಮಾತ್ರ ಹೆಣ್ಣುಮಕ್ಕಳು ದೂರ ನಿಲ್ಲಿ ಅಂತ. ಪದಕ ಹಾಕಿಸ್ಕೊಂಡದ್ದು ತಮ್ಮ. ಆಮೇಲೆ ಮದುವೆ, ಮುಂಬಯಿ, ಆ ಕಿಂಡಿ. ಈ ಕಾಲಿನ ಗಂಟು ಪೂರ್ತಿ ಕೈಕೊಡುವ ಮೊದಲು ಒಂದೇ ಸಲ ನಾನು ಮೇಲೆ ಕೂತು ಹೋಗ್ಬೇಕು ರಾಯರೆ. ನಾನು ಕೂತದ್ದನ್ನು ಇವರೆಲ್ಲ ಕೆಳಗಿಂದ ನೋಡ್ಬೇಕು.”

ನಗುತ್ತಲೇ ಹೇಳಿದರು. ಆದರೆ ಹೇಳಿ ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು. ನಾಗರತ್ನ ನನ್ನ ಕಡೆ ನೋಡಿದ ನೋಟದಲ್ಲಿ, ಈ ಕೆಲಸ ಕೆಡಿಸಿದರೆ ನೋಡಿ ಎಂಬ ಎಚ್ಚರಿಕೆ ಇತ್ತು.

ಶೆಟ್ಟರು ಒಂದು ಷರತ್ತು ಹಾಕಿದ್ದರು. ಹೋಟೆಲಿಗೆ ತರಕಾರಿ ಬೆಳೆಯಲೆಂದು ವಸಾಯಿಯಲ್ಲಿ ಅವರದೊಂದು ತೋಟವಿತ್ತು. ಕುದುರೆಯನ್ನು ಅಲ್ಲಿ ಕಟ್ಟುವುದು. ಹೋಟೆಲಿಗೆ ಬಣ್ಣ ಹೊಡೆಯುವ ದಿನ ರಜೆ. ಆವತ್ತು ಎಲ್ಲರೂ ತೋಟಕ್ಕೆ ಹೋಗುವುದು. ಸುಮತಿಯಕ್ಕ ಗೇಟಿನಿಂದ ಬಾವಿಯವರೆಗೆ ಕುದುರೆಯ ಮೇಲೆ ಬಂದರೆ ಕುದುರೆ ಇರುತ್ತದೆ. ಬರದಿದ್ದರೆ ತಂದಲ್ಲಿಗೇ ವಾಪಸ್ಸು, ಆಮೇಲೆ ಮನೆಯಲ್ಲಿ ಯಾರೂ ಕುದುರೆಯ ಸುದ್ದಿ ಎತ್ತಬಾರದು. ಇದನ್ನು ಅವರು ಎಂದಿನ ಗಲ್ಲಾ ಮುಖದಲ್ಲೇ ಹೇಳಿದರು. ಬಾಗಿಲವರೆಗೆ ನಮ್ಮನ್ನು ಕಳಿಸಲು ಬಂದಾಗ ಮಾತ್ರ ನನ್ನ ಕಿವಿಯ ಹತ್ತಿರ, “ಮೆಲ್ಲ ಹೋಗುವುದು ನೋಡಿ ಆಯ್ತಾ? ಬಿದ್ರೆ ನನಗೆ ಬೇರೆ ಯಾರೂ ಇಲ್ಲ” ಎಂದರು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಲು ಅಪ್ಪಣೆ ಬೇಕು. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಹಡಗಿನಿಂದ ಇಳಿಸಿದವರು ಕರಾವಳಿಯವರು, ಹತ್ತಿ ಮೆರೆದವರು ಘಟ್ಟದ ಮೇಲಿನವರು. ಕರಾವಳಿಯ ಪಾಲಿಗೆ ಉಳಿದದ್ದು ಲದ್ದಿ. ಹೀಗೆ ನೋಡಿದರೆ ಸುಮತಿಯಕ್ಕನದು ಬರೀ ಆಸೆಯಲ್ಲ, ತಲೆತಲಾಂತರದ ಬಾಕಿ. ಘಟ್ಟದ ಮೇಲಿನವನಾದ ನಾನು ಅದನ್ನು ತೀರಿಸುವುದು ನ್ಯಾಯವೇ ಆಗಿತ್ತು. ಈ ವಿಚಾರವನ್ನು ನಾಗರತ್ನಳಿಗೆ ವಿವರಿಸಿದಾಗ ಅವಳು, “ಮೊದ್ಲು ಕುದುರೆಗೆ ಎಷ್ಟು ಹಲ್ಲು ಅಂತ ತಿಳ್ಕೊಳ್ಳಿ” ಎಂದಳು.

ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು, ಮೊದಲ ಬಾರಿ ಕುದುರೆ ಸಾಕುವವರಿಗಾಗಿ ಬರೆದದ್ದು. ದಾದರ್ ಬರುವಷ್ಟರಲ್ಲಿ ಅರ್ಧ ಓದಿದೆ. ಮುಂಬಯಿಯ ಲೋಕಲ್ಲಿನಲ್ಲಿ ಕುದುರೆ ಪುಸ್ತಕ ಓದುವವನಿಗೆ ಜನ ಮರ್ಯಾದೆಯಿಂದ ಜಾಗ ಬಿಡುತ್ತಾರೆ, ರೇಸಿನ ಟಿಪ್ಸ್ ಕೇಳುತ್ತಾರೆ. ಪುಸ್ತಕದ ಸಾರಾಂಶ ಇಷ್ಟು: ಹೊಸಬರಿಗೆ ಹಳೆಯ ಕುದುರೆಯೇ ಸರಿ. ಇಬ್ಬರೂ ಕಲಿಯುವವರಾದರೆ ಇಬ್ಬರೂ ಬೀಳುತ್ತಾರೆ. ಚೆಲುವಿಗೆ ಮರುಳಾಗಬೇಡಿ, ಗುಣ ನೋಡಿ. ಗದ್ದಲಕ್ಕೆ ಬೆದರುತ್ತದೆಯೋ ಪರೀಕ್ಷಿಸಿ. ಯಾರಾದರೂ ತಿಳಿದವರು ಮೊದಲು ಹತ್ತಿ ನೋಡಲಿ. ಓದಿದಷ್ಟೂ ಇದನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಕೊನೆಯದೊಂದನ್ನು ಬಿಟ್ಟರೆ, ನನಗೆ ಹೆಣ್ಣು ನೋಡಲು ಹೊರಟಾಗ ನಮ್ಮ ಸೋದರತ್ತೆ ಹೇಳಿದ್ದೂ ಇದನ್ನೇ.

ಹಾಗಾಗಿ ನಾವು ಕುದುರೆ ನೋಡಲು ಹೋದದ್ದೂ ಹೆಣ್ಣು ನೋಡುವ ಕ್ರಮದಲ್ಲೇ. ರಾಹುಕಾಲ ಬಿಟ್ಟು ಹೊರಡುವುದು, ಹೆಂಗಸರು ರೇಷ್ಮೆ ಸೀರೆಯುಟ್ಟು ಶೆಟ್ಟರ ಫಿಯಟ್ಟಿನ ಹಿಂದಿನ ಸೀಟಿನಲ್ಲಿ ಕೂರುವುದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಬರುವುದು.

ಮೊದಲು ನೋಡಿದ್ದು ಮಹಾಲಕ್ಷ್ಮಿಯ ಕಡೆ, ರೇಸಿನಿಂದ ನಿವೃತ್ತವಾದ ಒಂದು ಗಂಡು ಕುದುರೆ. ಒಳ್ಳೆಯ ಮನೆ ಸಿಕ್ಕಿದರೆ ಸುಮ್ಮನೆ ಕೊಡುತ್ತೇವೆ ಎಂದಿದ್ದರು. ನಾನು ಸುರಕ್ಷಿತ ದೂರದಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, “ಸುಳಿ ನೋಡಬೇಕು” ಎಂದೆ. ದನಕ್ಕಾಗಲಿ ಕುದುರೆಗಾಗಲಿ ಮೈಮೇಲಿನ ಕೂದಲಿನ ಸುಳಿ ನೋಡಿ ಶುಭಾಶುಭ ಹೇಳುವ ಶಾಸ್ತ್ರವಿದೆ ಎಂದು ಕೇಳಿದ್ದೆ; ಯಾವ ಸುಳಿ ಎಲ್ಲಿರಬೇಕು ಎಂದು ಕೇಳಿರಲಿಲ್ಲ. ಶೆಟ್ಟರಿಗೆ ಸುಳಿ ಬೇಕಿರಲಿಲ್ಲ. ಅವರೊಳಗಿನ ಕಂಬಳ ಎದ್ದುಬಿಟ್ಟಿತ್ತು. ಎದೆ ನೋಡಿದರು, ತೊಡೆ ನೋಡಿದರು, ಕಣ್ಣು ಹೊಳೆಯಿತು. ಎರಡೂ ಕೈ ಸೇರಿಸಿ ಚಪ್ಪಾಳೆ ಹೊಡೆದರು. ಕುದುರೆ ಎರಡು ಕಾಲ ಮೇಲೆ ಎದ್ದು, ಹಗ್ಗ ಹಿಡಿದವನನ್ನೂ ಎಳೆದುಕೊಂಡು, ಅಂಗಳದ ಆ ತುದಿಯಲ್ಲಿತ್ತು.

“ಓಟ ಉಂಟು! ಫಸ್ಟ್ ಕ್ಲಾಸ್!” ಎಂದು ಶೆಟ್ಟರು ಕೂಗಿದರು.

“ನೀವೇ ಕೂತ್ಕೊಳ್ಳಿ” ಎಂದು ಸುಮತಿಯಕ್ಕ ಕಾರಿನತ್ತ ನಡೆದರು.

ಮೆಲ್ಲಗೆ ಹೋಗುವ ಕುದುರೆ ಬೇಕೆಂದು ನನ್ನ ಕಿವಿಯಲ್ಲಿ ಹೇಳಿದ್ದ ಮನುಷ್ಯ ಇವರೇ. ಮದುವೆಯ ಮಾರುಕಟ್ಟೆಯಲ್ಲೂ ಇದು ಆಗುತ್ತದೆ. ಮಗನಿಗೆ ಎಂದು ನೋಡಲು ಹೋದವರು ತಮ್ಮ ಹಳೆಯ ಆಸೆಗೆ ನೋಡಿ ಬರುತ್ತಾರೆ.

ಆಮೇಲೆ ಜುಹೂ ಬೀಚಿನ ಕುದುರೆ. ಬಹಳ ಸಾಧು, ಮಕ್ಕಳನ್ನು ಕೂರಿಸಿಕೊಂಡು ನಡೆದೂ ನಡೆದೂ ಅದಕ್ಕೆ ಸಹನೆ ಬಂದುಬಿಟ್ಟಿತ್ತು. ಆದರೆ ಎಳನೀರಿನವನಿಂದ ಭೇಳ್ ಗಾಡಿಯವರೆಗೆ ಹೋಗುವುದು, ಅಲ್ಲಿ ತಾನೇ ತಿರುಗುವುದು. ಇಂದ್ರನೇ ಬಂದು ಲಗಾಮು ಎಳೆದರೂ ಮುಂದೆ ಒಂದು ಹೆಜ್ಜೆ ಇಲ್ಲ. ಅದನ್ನು ವಸಾಯಿಗೆ ಒಯ್ದರೆ ಭೇಳ್‌ನವನನ್ನೂ ಕರೆದೊಯ್ಯಬೇಕಾಗುತ್ತಿತ್ತು. ಉಳಿದವರು ನಕ್ಕರು, ನಾನು ನಗಲಿಲ್ಲ. ಮುಲುಂಡಿನಿಂದ ದಾದರ್, ದಾದರಿನ ಸೇತುವೆ ಹತ್ತಿ ಇಳಿದು ಅಂಧೇರಿ, ಸಂಜೆ ಅದೇ ತಿರುಗುಮುರುಗು. ಒಂದು ಭಾನುವಾರ ಮೊಸರು ತರಲು ಹೊರಟ ನನ್ನ ಕಾಲು ನನ್ನನ್ನು ಕೇಳದೆ ಪ್ಲಾಟ್‌ಫಾರಂ ಮೇಲೆ ತಂದು ನಿಲ್ಲಿಸಿತ್ತು, ಕೈಯಲ್ಲಿ ಪಾತ್ರೆ ಸಮೇತ. ಮುಂಬಯಿಯಲ್ಲಿ ಕೆಲಸವಿಲ್ಲದ ಕುದುರೆಯೇ ಇಲ್ಲ. ಕೆಲಸವಿದ್ದ ಮೇಲೆ ಅದರ ದಾರಿಯೂ ಕಾಲಿನಲ್ಲಿ ಕೂತುಬಿಡುತ್ತದೆ. ಈ ತತ್ತ್ವ ನನಗೆ ಅಲ್ಲೇ ಹೊಳೆಯಿತು. ಅದನ್ನು ಸಮಯಕ್ಕೆ ಸರಿಯಾಗಿ ಬಳಸಿಕೊಳ್ಳುವ ಬುದ್ಧಿ ಮಾತ್ರ ಹೊಳೆಯಲಿಲ್ಲ.

ಕೊನೆಗೆ ದಾದರಿನಲ್ಲಿ ಚಮೇಲಿ ಸಿಕ್ಕಳು. ರೈಲು ಹಳಿಗೆ ತಾಗಿದಂತಿದ್ದ ತಬೇಲೆಯಲ್ಲಿ ಬಿಳಿಯ ಹೆಣ್ಣು ಕುದುರೆ. ವಯಸ್ಸಾಗಿತ್ತು, ಆದರೆ ರೆಪ್ಪೆಗಳು ಎಷ್ಟು ಉದ್ದ ಅಂತೀರಿ! ಅವಳ ಯಜಮಾನ ಬಾಬುಭಾಯಿ ಅವಳನ್ನು ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಉತ್ತರದವರ ಮದುವೆಗಳಲ್ಲಿ ವರನನ್ನು ಮೆರೆಸುವ ಘೋಡಿ ಅವಳು. ಈಗ ಅವನಿಗೂ ವಯಸ್ಸಾಗಿ, ತಬೇಲೆ ಮುಚ್ಚಿ ಊರಿಗೆ ಹೊರಟಿದ್ದ. ಚಮೇಲಿಗೆ ಒಂದು ಮನೆ ಹುಡುಕುತ್ತಿದ್ದ.

ನಾವು ಪರೀಕ್ಷೆ ಮಾಡಲು ಹೋದವರು. ಅಲ್ಲಿ ನಮ್ಮ ಪರೀಕ್ಷೆ ನಡೆಯಿತು. ಬಾಬುಭಾಯಿ ಹಗ್ಗದ ಮಂಚದ ಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಚಹಾ ಕೊಟ್ಟು, “ಘರ್ ಮೇ ಕೌನ್ ಕೌನ್ ಹೈ?” ಎಂದು ಮನೆಮಂದಿಯಿಂದ ಶುರುಮಾಡಿದ. ಕುಡಿಯುವವರು ಇದ್ದಾರೆಯೇ, ಹೊಡೆಯುವವರು ಇದ್ದಾರೆಯೇ, ಮಳೆಗಾಲದಲ್ಲಿ ಮಾಡು ಸೋರುತ್ತದೆಯೇ. ಗಲ್ಲಾದ ಮೇಲೆ ಹುಲಿಯಂತಿರುವ ಶೆಟ್ಟರು ವರನ ತಂದೆಯ ಹಾಗೆ ಬೆವರಿದರು. ಬೆಲೆ ಎಷ್ಟು ಎಂದು ಬಾಯಿ ತೆರೆದಾಗ ಬಾಬುಭಾಯಿ ಕೈಯೆತ್ತಿ ತಡೆದ.

“ಬೇಟೀ ಕೋ ಕೋಈ ಬೇಚ್ತಾ ಹೈ ಕ್ಯಾ, ಸೇಠ್?” ಮಗಳನ್ನು ಯಾರಾದರೂ ಮಾರುತ್ತಾರೆಯೇ?

ಆಗ ಸುಮತಿಯಕ್ಕ ಎದ್ದು ಹೋಗಿ ಕುದುರೆಯ ಕೊರಳ ಮೇಲೆ ಕೈಯಿಟ್ಟರು. ತಮ್ಮದೇ ಹಿಂದಿಯಲ್ಲಿ, “ಹಮ್ ಇಸ್‌ಕೋ ರೋಜ್ ಬೆಲ್ಲ ದೇಗಾ. ಗಾಲಿ ಕಭೀ ನಹೀಂ ದೇಗಾ” ಎಂದರು. ಬಾಬುಭಾಯಿಗೆ ಬೆಲ್ಲ ತಿಳಿಯಲಿಲ್ಲ, ಎಂದೂ ಬೈಯುವುದಿಲ್ಲ ಎಂದದ್ದು ತಿಳಿಯಿತು. ಕಣ್ಣೊರೆಸಿಕೊಂಡ.

ಇನ್ನು ತಿಳಿದವರು ಹತ್ತಿ ನೋಡುವುದು ಬಾಕಿ ಇತ್ತು. ಎಲ್ಲರೂ ನನ್ನನ್ನು ನೋಡಿದರು. ಸ್ಟೂಲು ಬಂತು. ನಾಗರತ್ನ ಸೆರಗನ್ನು ಬಾಯಿಗೆ ಹಿಡಿದಳು, ಭಯಕ್ಕೋ ನಗುವಿಗೋ ಇಂದಿಗೂ ಹೇಳಿಲ್ಲ. ಬಾಬುಭಾಯಿ ನನ್ನ ಒಂದು ಕಾಲನ್ನು ಹಿಡಿದು ಆ ಕಡೆಗೆ ಎಸೆದ. ಉಳಿದ ಭಾಗ ಅದರ ಹಿಂದೆ ಹೋಯಿತು. ಮೇಲೆ ಕೂತು ನೋಡಿದರೆ ನೆಲ ಪಕ್ಕದ ತಾಲೂಕಿನಲ್ಲಿತ್ತು.

ತಬೇಲೆಯ ಗೋಡೆಯಾಚೆ ಒಂದು ಮದುವೆ ಬ್ಯಾಂಡಿನವರ ಕೋಣೆ. ಆವತ್ತು ಅವರ ಅಭ್ಯಾಸ ನಡೆದಿತ್ತು. ಕ್ಲಾರಿಯೊನೆಟ್ಟು, ಡ್ರಮ್ಮು ಸ್ವಲ್ಪ ಹೊತ್ತು ಬಾರಿಸುವುದು, ಯಾರೋ ತಪ್ಪು ಮಾಡಿದ ಎಂದು ನಿಲ್ಲಿಸಿ ಜಗಳವಾಡುವುದು, ಮತ್ತೆ ಬಾರಿಸುವುದು. ದಾದರಿನಲ್ಲಿ ಗದ್ದಲವಿಲ್ಲದ ಜಾಗ ಯಾವುದಿದೆ? ಯಾರೂ ಗಮನ ಕೊಡಲಿಲ್ಲ. ನಾನು ಪುಸ್ತಕದಲ್ಲಿ ಓದಿದಂತೆ ಮೊಣಕಾಲುಗಳಿಂದ ಮೃದುವಾಗಿ ಒತ್ತಿದೆ. ಚಮೇಲಿ ಹೊರಟಳು. ಎಂಥ ನಡಿಗೆ! ತಲೆಯೆತ್ತಿ, ಅಳೆದು ಇಟ್ಟಂಥ ಹೆಜ್ಜೆ. ಭಯವಾಗಿ ಮೊಣಕಾಲು ಸಡಿಲಿಸಿದೆ. ನಿಂತಳು. ಒತ್ತಿದೆ, ಸ್ವಲ್ಪ ತಡೆದು ಹೊರಟಳು. ಸಡಿಲಿಸಿದೆ, ಸ್ವಲ್ಪ ತಡೆದು ನಿಂತಳು. ನನ್ನ ಎದೆ ಉಬ್ಬಿಬಿಟ್ಟಿತು. ಒಂದು ಸಂಸ್ಥಾನವೇ ನನ್ನ ರಕ್ತದಲ್ಲಿ ಹರಿಯುತ್ತಿದೆ, ನನಗೇ ಗೊತ್ತಿರಲಿಲ್ಲ ಅನ್ನಿಸಿತು. ಗೋಡೆಯಾಚೆ ಬ್ಯಾಂಡು ನಿಂತಾಗ ನಿಂತು, ಶುರುವಾದಾಗ ಹೊರಟ ಕುದುರೆಯ ಮೇಲೆ ಕೂತು ನಾನು, “ಪರವಾಗಿಲ್ಲ, ಸಣ್ಣ ಸೂಚನೆಗೂ ಮಾತು ಕೇಳುತ್ತಾಳೆ” ಎಂದು ತೀರ್ಪು ಕೊಟ್ಟೆ.

ನಾವು ಪಂಜಾಬಿಗಳೋ ಮಾರ್ವಾಡಿಗಳೋ ಆಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅವರ ಮನೆಯ ತೊಟ್ಟಿಲ ಮಗುವಿಗೂ ಗೊತ್ತು, ಘೋಡಿ ನಡೆಯುವುದು ವಾದ್ಯಕ್ಕೆ, ಮುಂದೆ ಕುಣಿಯುವವರಿಗೆ ಎಂದು. ನಮ್ಮಲ್ಲಿ ಮದುಮಗ ಛತ್ರಿ ಹಿಡಿದು ಕಾಲ್ನಡಿಗೆಯಲ್ಲೇ ಕಾಶಿಗೆ ಹೊರಡುತ್ತಾನೆ, ನಾಲ್ಕು ಹೆಜ್ಜೆಗೆ ವಾಪಸ್ಸು ಬರುತ್ತಾನೆ. ಶೆಟ್ಟರ ಕಡೆ ಅದೂ ಇಲ್ಲ, ನೇರ ಚಪ್ಪರ. ಬಾಬುಭಾಯಿ ಹುಲ್ಲು, ಹುರುಳಿ, ಲಾಳ, ಹೊಟ್ಟೆನೋವು ಎಲ್ಲವನ್ನೂ ಹೇಳಿಕೊಟ್ಟ. ಇದೊಂದನ್ನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಎಮ್ಮೆ ಕೊಡುವವರು ಇದಕ್ಕೆ ಬಾಲ ಹಿಂದೆ ಇದೆ ಎಂದು ಹೇಳುತ್ತಾರೆಯೇ?

ಟೆಂಪೋ ಹತ್ತುವಾಗ ಚಮೇಲಿಯ ಹಣೆಗೆ ಬಾಬುಭಾಯಿ ಕುಂಕುಮ ಹಚ್ಚಿ ತಬೇಲೆಯೊಳಗೆ ಹೋಗಿಬಿಟ್ಟ, ತಿರುಗಿ ನೋಡಲಿಲ್ಲ. ಸುಮತಿಯಕ್ಕ ಅವಳ ಕೊರಳಿಗೆ ಮಲ್ಲಿಗೆಯ ದಂಡೆ ಕಟ್ಟಿದರು. ವಸಾಯಿ ಮುಟ್ಟುವಷ್ಟರಲ್ಲಿ ಚಮೇಲಿ ಅದನ್ನು ತಿಂದಿದ್ದಳು.

ಬಣ್ಣ ಹೊಡೆಯುವ ದಿನ ಬಂತು. ಅಡುಗೆಯವರು, ಸಪ್ಲೈಯರುಗಳು ಎಲ್ಲ ಪಾತ್ರೆಪರಡಿ ಸಮೇತ ವಸಾಯಿಗೆ ಹೊರಟರು. ತೋಟದ ಮೂಲೆಯಲ್ಲಿ ಒಲೆ ಹೂಡಿದರು. ಸುಮತಿಯಕ್ಕ ಹಸಿರು ಸೀರೆಗೆ ಕಚ್ಚೆ ಹಾಕಿ, ತಲೆ ತುಂಬ ಮಲ್ಲಿಗೆ ಮುಡಿದು ಬಂದರು. ಮೇಜಿನ ಮೇಲೆ ಕುರ್ಚಿಯಿಟ್ಟು, ಇಬ್ಬರು ಅಡುಗೆಯವರು ಹಿಡಿದು, ಶೆಟ್ಟರು ಕಣ್ಣು ಮುಚ್ಚಿಕೊಂಡು, ಅಂತೂ ಅಕ್ಕ ಚಮೇಲಿಯ ಬೆನ್ನೇರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನ ಮುಖ ನೋಡಬೇಕಿತ್ತು ನೀವು. ಯಾವ ವಯಸ್ಸೂ ಇರಲಿಲ್ಲ ಅದರಲ್ಲಿ.

ಚಮೇಲಿ ನಿಂತೇ ಇದ್ದಳು.

“ಮೊಣಕಾಲು ಒತ್ತಿ, ಮೃದುವಾಗಿ” ಎಂದೆ. ಅಕ್ಕ ನೋವು ನುಂಗಿ ಒತ್ತಿದರು. ಇಲ್ಲ. ಸಡಿಲಿಸಿ ಒತ್ತಿ ಎಂದೆ. ಇಲ್ಲ. ತೋಟ ನೋಡಿಕೊಳ್ಳುವವನು ಹಿಂದೆ ವಸಾಯಿಯಲ್ಲಿ ಟಾಂಗಾ ಹೊಡೆದಿದ್ದವನು, ನಾಲಿಗೆಯಲ್ಲಿ ಚ್ಚ ಚ್ಚ ಮಾಡಿದ. ಚಮೇಲಿ ಅವನನ್ನು ಬಹಳ ಕರುಣೆಯಿಂದ ನೋಡಿದಳು. ಬೆಲ್ಲ ತೋರಿಸಿದರೆ ಕೊರಳು ಮಾತ್ರ ಮುಂದೆ ಬಂತು, ಕಾಲು ಬರಲಿಲ್ಲ. ಹಗ್ಗ ಹಿಡಿದು ಎಳೆದವರು ತಾವೇ ಜಾರಿ ಕೂತರು. ತೋಟ ನಿಶ್ಶಬ್ದವಾಗಿತ್ತು, ಗಿಡದಲ್ಲಿ ಒಂದು ಹಕ್ಕಿ ಮಾತ್ರ ಕೂಗುತ್ತಿತ್ತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾನು ಮೋಡ ನೋಡಿದೆ.

ಶೆಟ್ಟರು ಹತ್ತಿರ ಬಂದರು. ಗೆದ್ದೆ ಎಂಬ ಮುಖ ಇರಬಹುದೆಂದುಕೊಂಡಿದ್ದೆ, ಇರಲಿಲ್ಲ. “ಇಳಿ ಸುಮತೀ. ಸಾಕು. ಬಿಸಿಲು ಏರ್ತದೆ” ಎಂದರು ಮೆಲ್ಲಗೆ.

“ನಾನು ಇಳಿಯುದಿಲ್ಲ.” ಅಕ್ಕ ಜೀನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. “ಇಳಿದ್ರೆ ಮತ್ತೆ ಹತ್ತಲಿಕ್ಕೆ ಈ ಕಾಲಿಗೆ ಆಗುದಿಲ್ಲ ಅಂತ ನಿಮಗೂ ಗೊತ್ತುಂಟು.”

ಅಷ್ಟರಲ್ಲಿ ಒಲೆಯ ಹತ್ತಿರ ಒಬ್ಬನ ಕೈಯಿಂದ ಸ್ಟೀಲು ತಟ್ಟೆಗಳ ಅಟ್ಟಿ ಜಾರಿ ಕಲ್ಲುಚಪ್ಪಡಿಯ ಮೇಲೆ ಝಣ ಝಣ ಝಣ ಎಂದು ಉರುಳಿತು. ಚಮೇಲಿಯ ಕಿವಿ ನಿಮಿರಿತು. ತಲೆ ಎತ್ತಿ ನಾಲ್ಕು ಹೆಜ್ಜೆ, ಮಹಾರಾಣಿಯ ಹಾಗೆ ನಡೆದಳು. ತಟ್ಟೆಗಳು ನಿಂತವು. ಅವಳೂ ನಿಂತಳು.

“ರೀ,” ಎಂದಳು ನಾಗರತ್ನ, “ದಾದರ್‌ನಲ್ಲಿ ಗೋಡೆ ಆಚೆ ಬ್ಯಾಂಡ್ ಬಾರಿಸ್ತಿದ್ರು ಅಲ್ವಾ? ಅದು ನಿಂತಾಗ್ಲೆಲ್ಲ ಇವ್ಳೂ ನಿಲ್ತಿದ್ಳು ಕಣ್ರೀ. ನೀವು ನಿಮ್ಮ ಮೊಣಕಾಲು ಅಂದ್ಕೊಂಡ್ರಿ!”

ನನ್ನ ಸಂಸ್ಥಾನ ಆ ಕ್ಷಣದಲ್ಲಿ ಬಿದ್ದಿತು. ಆದರೆ ಅದಕ್ಕೆ ಅಳಲು ಯಾರಿಗೂ ಪುರಸೊತ್ತಿರಲಿಲ್ಲ. ಅಡುಗೆಯವರು ತಟ್ಟೆ, ಸೌಟು, ಕೊಳಗ ಎತ್ತಿಕೊಂಡರು. ಉಡುಪಿ ಕಡೆಯವರ ಕೈಗೆ ಬಡಿಯಲು ಏನಾದರೂ ಸಿಕ್ಕಿದರೆ ತಾನಾಗಿ ಬರುವ ತಾಳ ಒಂದೇ, ನವರಾತ್ರಿಯ ಹುಲಿವೇಷದ ತಾಸೆಯ ತಾಳ. ತೋಟ ನಡುಗಿತು. ಚಮೇಲಿ ಕಾಲೆತ್ತಿದಳು, ಎತ್ತಿದ ಕಾಲನ್ನು ಅಲ್ಲೇ ಇಟ್ಟಳು. ಮುಂದಿನ ಖಾಲಿ ದಾರಿಯನ್ನು ನೋಡಿ, ತಿರುಗಿ ನಮ್ಮನ್ನು ನೋಡಿದಳು. ವಾದ್ಯವೇನೋ ಆಯಿತು, ಕುಣಿಯುವವರು ಎಲ್ಲಿ ಎಂದು ಕೇಳುವ ನೋಟ ಅದು. ಅಭ್ಯಾಸದ ಬ್ಯಾಂಡಿಗೋ ಜಾರಿದ ತಟ್ಟೆಗೋ ನಾಲ್ಕು ಹೆಜ್ಜೆ ಹಾಕಿಯಾಳು; ಪೂರ್ತಿ ವಾದ್ಯ ಮೊಳಗಿದ ಮೇಲೆ, ಮುಂದೆ ಬಂಧುಬಳಗ ಕುಣಿಯದೆ ಅವಳು ಆಯುಷ್ಯದಲ್ಲಿ ನಡೆದವಳಲ್ಲ.

ಸಪ್ಲೈಯರುಗಳು ಕುಣಿಯಲು ಹಿಂದೆಮುಂದೆ ನೋಡಿದರು. ಧಣಿ ಎದುರು ನಿಂತಿದ್ದಾರೆ, ಯಾರಿಗೆ ಧೈರ್ಯ? ಧಣಿ ಒಮ್ಮೆ ಹೆಂಡತಿಯ ಮುಖ ನೋಡಿದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಪಂಚೆಯನ್ನು ಮೇಲೆತ್ತಿ ಕಟ್ಟಿದರು. ಚಮೇಲಿಯ ಎದುರು ಹೋಗಿ, ಮೊಣಕಾಲು ಮಡಿಸಿ, ಎರಡು ಕೈಗಳ ಉಗುರು ಬಿಡಿಸಿ, ಹುಲಿಯ ಹೆಜ್ಜೆ ಹಾಕಿಬಿಟ್ಟರು!

ಹಾಯ್, ಹಾಯ್! ಆ ದೇಹದೊಳಗೆ ಅಂಥದೊಂದು ಹುಲಿ ಗಲ್ಲಾದ ಹಿಂದೆ ಕೂತಿತ್ತೆಂದು ಯಾರಿಗೆ ಗೊತ್ತಿತ್ತು? ಎಗರಿದರು, ಪಲ್ಟಿ ಹೊಡೆಯಲು ಹೋಗಿ ಬೇಡವೆಂದು ಬಿಟ್ಟರು, ಹಿಂದಕ್ಕೆ ಹಿಂದಕ್ಕೆ ಕುಣಿಯುತ್ತ ಹೋದರು. ಚಮೇಲಿ ಕೊರಳು ಬಳುಕಿಸಿ ಅವರ ಹಿಂದೆ ನಡೆದಳು. ಸಪ್ಲೈಯರುಗಳು ಹಾರಿ ಬಂದು ಸೇರಿಕೊಂಡರು. ನಾನೂ ಸೇರಿಕೊಂಡೆ, ಕೈಯಲ್ಲಿ ಶೆಟ್ಟರ ಕನ್ನಡಕ ಹಿಡಿದು. ಬಾವಿ ಬಂತು. ಯಾರೂ ನಿಲ್ಲಲಿಲ್ಲ. ಬಾವಿಯನ್ನು ಸುತ್ತಿ, ತೆರೆದಿದ್ದ ಗೇಟು ದಾಟಿ ಮೆರವಣಿಗೆ ರಸ್ತೆಗೆ ಬಿತ್ತು. ಮೇಲೆ ಸುಮತಿಯಕ್ಕ, ಮೊದಲು ಎರಡೂ ಕೈಯಲ್ಲಿ ಜೀನು ಹಿಡಿದುಕೊಂಡಿದ್ದವರು, ಒಂದು ಕೈ ಬಿಟ್ಟರು, ಸೆರಗು ಸರಿಮಾಡಿಕೊಂಡರು, ಆಮೇಲೆ ಆ ಕೈಯನ್ನು ದೇವರ ಹಾಗೆ ಎತ್ತಿ ಜನರಿಗೆ ಬೀಸತೊಡಗಿದರು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

ಓಣಿಯ ಮನೆಗಳಿಂದ ಹೆಂಗಸರು ಬಂದು ನಿಂತರು. ಒಬ್ಬ ಮುದುಕಿ ಕಂಪೌಂಡಿನ ಮೇಲೆ ಬಾಗಿ, “ಲಗ್ನ ಕುಣಾಚಂ?” ಎಂದು ಕೂಗಿದಳು. ಯಾರ ಮದುವೆ?

ಶೆಟ್ಟರು ಉಸಿರು ಕಟ್ಟಿ, ಬೆವರಿನಲ್ಲಿ ತೊಯ್ದು, ಕುಣಿಯುವುದನ್ನು ನಿಲ್ಲಿಸದೆ ಮರಾಠಿಯಲ್ಲೇ ಕೂಗಿ ಹೇಳಿದರು. “ಮಾಝಂಚ್, ಆಜೀ! ಥೋಡಾ ಉಶೀರ್ ಝಾಲಾ!” ನನ್ನದೇ, ಅಜ್ಜಿ! ಸ್ವಲ್ಪ ತಡವಾಯಿತು.

ಸುಮತಿಯಕ್ಕನಿಗೆ ಅದು ಕೇಳಿಸಿತು. ಬೀಸುತ್ತಿದ್ದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

ಅನುಭವವಿಲ್ಲದವರಿಗೆ ಎಂಥ ಕುದುರೆ ತಕ್ಕದ್ದು ಎಂದು ನಾನು ಪುಸ್ತಕ ಓದಿ, ಸುಳಿ ನೋಡಿ, ಮೇಲೆ ಹತ್ತಿ ಎಲ್ಲ ವಿಚಾರಿಸಿದ್ದೆ. ಹತ್ತಿದವರ ಮುಂದೆ ಯಾರು ಕುಣಿಯುತ್ತಾರೆ ಎಂದು ವಿಚಾರಿಸುವುದು ತಿಳಿದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಯಾವ ಕುದುರೆಯಾದರೂ ನಡೆದೀತು.

ವಾಪಸ್ಸು ಬರುವಾಗ ಲೋಕಲ್ಲಿನಲ್ಲಿ ನಾಗರತ್ನ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೋರಿವಲಿ ದಾಟಿದ ಮೇಲೆ, “ನಂಗೇನೂ ಕುದುರೆ ಗಿದುರೆ ಬೇಡಪ್ಪ” ಎಂದಳು. ನಾನು ಏನೂ ಕೇಳಿರಲಿಲ್ಲ.

ಮುಂದಿನ ಭಾನುವಾರ ನಾನು ಮುಂಬಾಗಿಲಿನ ಚಿಲಕ ಹಾಕಿ, ಪರದೆ ಎಳೆದು, ಹಾಲಿನ ಟೀಪಾಯಿಯನ್ನು ಗೋಡೆಗೆ ಸರಿಸಿದೆ. ಶೆಟ್ಟರನ್ನು ನೆನೆದು ಮೊಣಕಾಲು ಮಡಿಸಿ ಒಂದು ಹೆಜ್ಜೆ ಹಾಕಿದೆ. ಷೋಕೇಸಿನ ಗೊಂಬೆಗಳು ಅಲುಗಾಡಿದವು. ಇನ್ನೊಂದು ಹಾಕಿದೆ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಕುಟ್ಟಿದರು. ಸೊಂಟ ಹಿಡಿದುಕೊಂಡು ಅಲ್ಲೇ ನಿಂತೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ನಾಗರತ್ನ ತಟ್ಟೆಯ ಮೇಲೆ ಸೌಟಿನಿಂದ ಮೆಲ್ಲಗೆ ತಾಳ ಬಡಿಯುವುದು ಕೇಳಿಸಿತು.